ರಕ್ತ ಕೊಟ್ಟವರ ಕೋಷ್ಟಕ

ಕಲಬುರಗಿಯ ಜಗತ್ ಸರ್ಕಲ್ಲಿನ ಬಸ್ ನಿಲ್ದಾಣದಲ್ಲಿ ಮಾಮಾನನ್ನು ಆ ಸ್ಥಿತಿಯಲ್ಲಿ ನೋಡದೇ ಇದ್ದಿದ್ದರೆ ನಾನು ಆ ಕೆಲಸಕ್ಕೆ ಕೈ ಹಾಕುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಅಕ್ಕನ ಗಂಡನೂ ಅವರೇ. ನಮ್ಮ ಮನೆತನಗಳಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ, ಹೊರಗಿನವರಿಗೆ ಕೊಟ್ಟರೇ ನಾಲ್ಕು ಜನ ಯಾಕೆ ಎಂದು ಕೇಳುತ್ತಿದ್ದರು. ಮಾಮಾ ಕಮಲಾಪುರದಲ್ಲಿ ಶಾಲಾ ಮಾಸ್ತರರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಬಸ್ಸಿನಲ್ಲಿ ಗುರುತಿಲ್ಲದವರು ಕೂಡ ಎದ್ದು ಜಾಗ ಕೊಡುವಂಥ ನಿಲುವು. ಅಂಥವರು ಆ ದಿನ ಬಿಸಿಲಲ್ಲಿ ನಿಂತು, ಕಾಲೇಜಿಗೆ ಹೊರಟ ಹುಡುಗರನ್ನು ಒಬ್ಬೊಬ್ಬರನ್ನಾಗಿ ತಡೆದು ಏನೋ ಕೇಳುತ್ತಿದ್ದರು. ಹುಡುಗರು ತಲೆಯಾಡಿಸಿ ಸರಿದು ಹೋಗುತ್ತಿದ್ದರು. ಒಬ್ಬ ಜೇಬಿಗೆ ಕೈ ಹಾಕಿ ಚಿಲ್ಲರೆ ತೆಗೆದ. ಮಾಮಾ ಎರಡೂ ಕೈ ಅಲ್ಲಾಡಿಸಿ ಬೇಡ, ಬೇಡ ಎಂದರು. ನಾನು ಕುಳಿತಿದ್ದ ಆಟೋ ಸಂದಣಿಯಲ್ಲಿ ಸಿಕ್ಕಿಕೊಂಡಿತ್ತು. ಅವರು ಏನು ಕೇಳುತ್ತಿದ್ದಾರೆ ಎಂಬುದು ನನಗೆ ದೂರದಿಂದಲೇ ತಿಳಿಯಿತು. ಅವರಿಗೆ ಬಿ ನೆಗೆಟಿವ್ ರಕ್ತ ಬೇಕಾಗಿತ್ತು.

ಅಕ್ಕನ ಮಗಳಿಗೆ ಥಲಸ್ಸೇಮಿಯಾ. ಆಕೆಯ ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುತ್ತಿರಲಿಲ್ಲ. ಕೂಸಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ಕಲಬುರಗಿಗೆ ತಂದು ಬೇರೆಯವರ ರಕ್ತ ಏರಿಸಬೇಕಾಗಿತ್ತು. ಬ್ಲಡ್ ಬ್ಯಾಂಕಿನಲ್ಲಿ ಆ ಗುಂಪಿನ ರಕ್ತ ಇರುತ್ತಿದ್ದುದು ಅಪರೂಪ. ಅಲ್ಲಿನ ಟೆಕ್ನಿಷಿಯನ್ ಒಳ್ಳೆಯ ಮನುಷ್ಯ, ಆದರೂ ಪ್ರತಿ ಸಲ ಅದೇ ಮಾತು ಹೇಳಬೇಕಾಗುತ್ತಿತ್ತು: ಕೊಡುವವರನ್ನು ನೀವೇ ಕರೆತನ್ನಿ. ಎರಡನೆಯ ವಾರ ಮುಗಿಯುತ್ತಿದ್ದಂತೆ ಹುಡುಗಿಯ ತುಟಿ ಬಿಳಿಚುತ್ತಿತ್ತು, ಮಾಮಾ ರಜೆ ಹಾಕಿ ಬಸ್ಸು ಹತ್ತುತ್ತಿದ್ದರು.

ಇದು ಎರಡು ಸಾವಿರದ ನಂತರದ ಮೊದಲ ದಶಕದ ಮಾತು. ನಾನು ಕಲಬುರಗಿಯ ಗಾಜಿಪುರದ ನಮ್ಮ ಮನೆಯಿಂದ ಒಂದು ಖಾಸಗಿ ಕಾಲೇಜಿಗೆ ಹೋಗಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಡೇಟಾಬೇಸ್ ವಿಷಯ ಹೇಳುತ್ತಿದ್ದವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಾದ ಒಬ್ಬ ಹೆಂಗಸು. ಮನೆಯಲ್ಲಿ ಅವರದು ದಖನಿ ಉರ್ದು, ಕಾಲೇಜಿನಲ್ಲಿ ನಮ್ಮಂತೆಯೇ ಕನ್ನಡ. ಹುಡುಗಿಯರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಜಗತ್ ಸರ್ಕಲ್ಲಿನಲ್ಲಿ ಕಂಡದ್ದನ್ನು ಆ ದಿನ ಊಟದ ಹೊತ್ತಿಗೆ ಅವರಿಗೆ ಹೇಳಿದೆ. ಅವರು ಡಬ್ಬಿ ಮುಚ್ಚಿ, ಬಿ ನೆಗೆಟಿವ್ ಇರುವವರು ಈ ಊರಿನಲ್ಲಿ ಇಲ್ಲದೇ ಇಲ್ಲ, ಯಾರು ಎಲ್ಲಿದ್ದಾರೆ ಎಂಬುದು ಒಂದು ಕಡೆ ಇಲ್ಲ, ಅಷ್ಟೇ ಎಂದರು. ಅದನ್ನು ಒಂದು ಕಡೆ ತರೋಣ ಎಂದು ಅಲ್ಲಿಯೇ ಮಾತಾಯಿತು.

ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಪೈಥಾನ್ ಭಾಷೆಯೂ ಅದರಲ್ಲಿ ವೆಬ್ ತಾಣ ಕಟ್ಟುವ ಒಂದು ಸಲಕರಣೆಯೂ ಇದ್ದವು. ನನಗೆ ಬರುತ್ತಿದ್ದುದು ಸಿ ಮತ್ತು ವಿಷುವಲ್ ಬೇಸಿಕ್. ಪೈಥಾನ್ ಓದಲು ಹಗುರ ಎನ್ನಿಸಿತು, ಸಾಲು ಎಲ್ಲಿ ಒಳಸರಿಯಬೇಕೋ ಅಲ್ಲಿ ಸರಿಸಿದರೆ ಸಾಕು, ಕಂಸಗಳ ಕಾಟವಿಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅದರೊಳಗಿನ ಓ.ಆರ್.ಎಂ. ಡೇಟಾಬೇಸಿನಲ್ಲಿ ಎಲ್ಲವೂ ಕೋಷ್ಟಕ, ಸಾಲು, ಖಾನೆ. ಈ ಓ.ಆರ್.ಎಂ. ಎಂಬುದು ನಡುವೆ ನಿಂತು ಒಂದು ಸಾಲನ್ನು ಎತ್ತಿ ಒಂದು ವಸ್ತುವನ್ನಾಗಿ ಮಾಡಿ ನಮ್ಮ ಕೈಗಿಡುತ್ತದೆ. ರೋಗಿ ಎಂದು ಬರೆದು ಚುಕ್ಕಿ ಇಟ್ಟು ಗುಂಪು ಎಂದರೆ ಆ ರೋಗಿಯ ರಕ್ತದ ಗುಂಪು ಬರುತ್ತದೆ, ಚುಕ್ಕಿ ಇಟ್ಟು ದಾನಗಳು ಎಂದರೆ ಆಕೆಗೆ ಬಂದ ರಕ್ತವೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ. ಡೇಟಾಬೇಸಿನ ಭಾಷೆಯಲ್ಲಿ ಒಂದಕ್ಷರ ಬರೆಯಬೇಕಾಗಿಲ್ಲ.

ಆಪಾಗೆ ಇದು ಸೇರಲಿಲ್ಲ. ಜೀವಮಾನವೆಲ್ಲ ಡೇಟಾಬೇಸಿನ ಭಾಷೆಯಲ್ಲೇ ಕೈಯಾರೆ ಕ್ವೆರಿ ಬರೆದವರು ಅವರು.

“ಟೇಬಲ್ ಕಣ್ಣೆದುರಿಗೇ ಅದ. ನೇರ ಕೇಳಿದ್ರ ಕೊಡ್ತದ,” ಎಂದರು. “ನಡುವ ಈ ದಲಾಲ ಯಾಕ ಬೇಕ್ರೀ?”

ಆದರೂ ನನ್ನ ಹಟಕ್ಕೆ ಒಪ್ಪಿದರು. ಮೊದಲ ದಿನವೇ ನನ್ನ ತಪ್ಪೊಂದನ್ನು ಹಿಡಿದರು. ನಾನು ಒಬ್ಬೊಬ್ಬ ದಾನಿಯನ್ನೂ ಒಬ್ಬೊಬ್ಬ ರೋಗಿಗೆ ಕಟ್ಟಿಹಾಕಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಅಕ್ಕನ ಮಗಳೊಬ್ಬಳೇ. ಆಪಾ ಬೋರ್ಡಿನ ಮೇಲೆ ಎರಡು ಚೌಕ ಬರೆದು, ನಡುವೆ ಮೂರನೆಯದೊಂದನ್ನು ಹಾಕಿದರು. ಈ ಕಡೆ ಕೊಡುವವರು, ಆ ಕಡೆ ಪಡೆಯುವವರು, ನಡುವೆ ಕೊಟ್ಟ ಪ್ರತಿಯೊಂದು ಸಲಕ್ಕೂ ಒಂದು ಸಾಲು. ಒಬ್ಬ ಮನುಷ್ಯ ಇಂದು ಒಬ್ಬರಿಗೆ, ಮೂರು ತಿಂಗಳು ಬಿಟ್ಟು ಇನ್ನೊಬ್ಬರಿಗೆ ಕೊಡಬಹುದು. ಮೂರು ತಿಂಗಳಾಗದಿದ್ದವರ ಹೆಸರನ್ನು ತೋರಿಸಲೇಬಾರದು. ಇಷ್ಟೇ ನಮ್ಮ ಅಪ್ಲಿಕೇಶನ್ನಿನ ಜೀವ. ಉಳಿದದ್ದೆಲ್ಲ ಪುಟಗಳ ಅಲಂಕಾರ.

ಕೆಲಸವೆಲ್ಲ ಕಾಲೇಜಿನ ಲ್ಯಾಬಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ನಡೆಯಿತು. ಕರೆಂಟು ಹೋದರೆ ಯು.ಪಿ.ಎಸ್. ಕೂಗಿಕೊಳ್ಳುತ್ತಿತ್ತು, ಅದು ಸತ್ತುಹೋಗುವುದರೊಳಗೆ ಬರೆದದ್ದನ್ನು ಉಳಿಸಬೇಕು. ಒಂದು ದಿನ ರಕ್ತ ಏರಿಸಿಕೊಂಡು ಬಂದ ಹುಡುಗಿಯನ್ನು ಅಕ್ಕ ಲ್ಯಾಬಿಗೇ ಕರೆತಂದಳು. ರಕ್ತ ಏರಿದ ದಿನ ಆಕೆ ಬೇರೆಯೇ ಮಗು. ಸ್ಟೂಲಿನ ಮೇಲೆ ಕುಳಿತು ತಿರುಗುತ್ತಿದ್ದಳು, ಎಲ್ಲವನ್ನೂ ಮುಟ್ಟುತ್ತಿದ್ದಳು. ರೋಗಿಗಳ ಕೋಷ್ಟಕದ ಮೊದಲ ಸಾಲನ್ನು ಆಕೆಯ ಕೈಯಿಂದಲೇ ತುಂಬಿಸಿದೆ. ಪುಟದ ತಲೆಬರಹವನ್ನು ನಾನು ಕೆಂಪು ಬಣ್ಣದಲ್ಲಿ ಮಾಡಿದ್ದೆ. ತನ್ನ ಚಿಕ್ಕಮ್ಮನ ಕೆಲಸಕ್ಕೆ ಆಕೆ ಮೂಗು ಮುರಿದಳು.

“ಕೆಂಪು ಬ್ಯಾಡ ಮಾವಶಿ. ದವಾಖಾನಿ ಕಂಡಂಗ ಆಗ್ತದ.”

ಹಸಿರು ಮಾಡಿದೆ. ಆಪಾ ತಮ್ಮ ಡಬ್ಬಿಯಿಂದ ಖರ್ಜೂರ ತೆಗೆದು ಕೊಡಲು ಹೋದಾಗ ಅಕ್ಕ ತಡೆದಳು. ಆಕೆಗೆ ಕಬ್ಬಿಣದ ಅಂಶ ಇರುವುದನ್ನು ಹೆಚ್ಚು ಕೊಡಬಾರದು, ಊಟದ ಜೊತೆ ಚಹಾ ಕುಡಿಸಿರಿ ಎಂದು ಯಾರೋ ವೈದ್ಯರು ಹೇಳಿದ್ದರು. ಯಾಕೆ ಎಂದು ಬಿಡಿಸಿ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಕಮಲಾಪುರದ ಮನೆಯಲ್ಲಿ ಮಕ್ಕಳಿಗೆ ಚಹಾ ನಿಷಿದ್ಧ. ಆಕೆಯೊಬ್ಬಳಿಗೆ ಮಾತ್ರ ಅನ್ನದ ತಾಟಿನ ಪಕ್ಕ ಚಹಾದ ಕಪ್ಪು-ಬಸಿ. ಅದು ತನಗೆ ಸಿಕ್ಕ ದೊಡ್ಡಸ್ತಿಕೆ ಎಂದೇ ಆಕೆ ತಿಳಿದಿದ್ದಳು.

ಅಪ್ಲಿಕೇಶನ್ ತಯಾರಾಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸರ್ವರಿನಲ್ಲಿ ತುಸು ಜಾಗ ಕೊಡಿಸಿದಳು. ಕಾಲೇಜಿನ ಹುಡುಗ ಹುಡುಗಿಯರು ತಮ್ಮ ಹೆಸರು ಸೇರಿಸಿದರು, ತಮ್ಮ ಓಣಿಯವರ ಹೆಸರು ತಂದರು. ಕುಸನೂರಿನ ರೂಮುಗಳಲ್ಲಿ ಇರುತ್ತಿದ್ದ ವಿಶ್ವವಿದ್ಯಾಲಯದ ಹುಡುಗರು, ಆಪಾ ಅವರ ಓಣಿಯ ದರ್ಜಿಗಳು, ಆಟೋದವರು, ಒಂದಿಬ್ಬರು ವಕೀಲರು. ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ದವಾಖಾನೆಯ ಎದುರಿನ ಇಂಟರ್ನೆಟ್ ಅಂಗಡಿಗೆ ಬಂದು, ಈ ವಾರ ಯಾರಿಗೆ ರಕ್ತ ಬೇಕು, ಯಾರು ಕೊಡಬಲ್ಲರು ಎಂಬ ಪುಟವನ್ನು ನೋಡಿ ಫೋನು ಮಾಡುತ್ತಿದ್ದ. ಬೇರೆ ಮಕ್ಕಳ ಹೆಸರೂ ಬಂದವು. ಬಳೆ ಅಂಗಡಿಯವರ ಒಂದು ಕೂಸು, ಆಳಂದದ ಕಡೆಯ ಇಬ್ಬರು ಅಕ್ಕತಂಗಿಯರು. ಮಾಮಾ ಬಸ್ ನಿಲ್ದಾಣದಲ್ಲಿ ನಿಲ್ಲುವುದು ತಪ್ಪಿತು. ಮಡಿ ಬಿಡದ ನನ್ನ ಅಜ್ಜಿ, ಅಂದರೆ ಮಾಮಾನ ತಾಯಿ, ಅದು ಯಾರ ರಕ್ತ ಎಂದು ಒಮ್ಮೆಯೂ ಕೇಳಲಿಲ್ಲ. ಬಂತೇನು ಎಂದಷ್ಟೇ ಕೇಳುತ್ತಿದ್ದಳು.

ಆಗ ಬ್ಲಡ್ ಬ್ಯಾಂಕಿನ ವೈದ್ಯರು ರೋಗಿಯ ಫಾರ್ಮಿಗೆ ಒಂದು ಖಾನೆ ಸೇರಿಸಿರಿ ಎಂದರು: ತಂದೆ ತಾಯಿ ರಕ್ತಸಂಬಂಧಿಗಳೇ? ಹೌದು, ಇಲ್ಲ. ಪೈಥಾನ್ ಫೈಲಿನಲ್ಲಿ ಅದು ಒಂದೇ ಸಾಲು. ಸೇರಿಸಿದೆ, ಡೇಟಾಬೇಸಿನ ಕೋಷ್ಟಕಕ್ಕೆ ಆಪಾ ಕೈಯಾರೆ ಸೇರಿಸಿಕೊಟ್ಟರು. ಇದ್ದ ಮಕ್ಕಳ ಪುಟಗಳಲ್ಲಿ ಅದನ್ನು ತುಂಬಿಸುತ್ತ ಹೋದೆ. ಮುಂದಿನ ಸಲ ಬಂದಾಗ ಮಾಮಾ ಮಗಳ ಪುಟ ನೋಡುತ್ತೇನೆ ಎಂದರು. ಕನ್ನಡಕ ಹಾಕಿಕೊಂಡು ಓದಿದರು. ಆ ಖಾನೆಯ ಹತ್ತಿರ ಬಂದು ನಿಂತರು.

“ಇದು ಯಾರಿಗೆ ಬೇಕು?”

ವೈದ್ಯರು ಕೇಳಿದ್ದಾರೆ ಎಂದೆ. ಒಂದೇ ಮನೆತನದೊಳಗೆ ಮದುವೆಯಾದರೆ ಇಬ್ಬರಲ್ಲೂ ಈ ದೋಷ ಅಡಗಿರುವ ಸಂಭವ ಹೆಚ್ಚು, ಇಬ್ಬರಲ್ಲೂ ಇದ್ದರೆ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನಾನು ಪಾಠದ ದನಿಯಲ್ಲಿ ಹೇಳುತ್ತಲೇ ಹೋದೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

“ನಾ ಬ್ಯಾಡ ಅಂದಿದ್ದೆ,” ಎಂದರು. “ಅವ್ವ ಊಟಾ ಬಿಟ್ಟು ಕೂತ್ಲು. ನಿಮ್ಮವ್ವನೂ ಹೂಂ ಅಂದ್ಲು.”

ಅಷ್ಟು ಹೇಳಿ ಎದ್ದು ಬಸ್ಸಿಗೆ ಹೋದರು. ಅವರು ಮದುವೆ ಬೇಡ ಎಂದಿದ್ದರು ಎಂಬುದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ನನ್ನನ್ನು ಮಾಮಾನ ತಮ್ಮನಿಗೆ ಕೊಡುವ ಮಾತು ಆಗ ಮನೆಯಲ್ಲಿ ನಡೆದಿತ್ತು. ನಾನು ಸುಮ್ಮನೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ನನ್ನಲ್ಲೂ ಆ ದೋಷವಿತ್ತು. ಫಲಿತಾಂಶವನ್ನು ಅಡಿಗೆಮನೆಯಲ್ಲಿ ಅವ್ವನಿಗೆ ಹೇಳಿದೆ. ಆಕೆ ಒಲೆಯ ಉರಿ ಸಣ್ಣ ಮಾಡಿದಳು. ಆ ಸಂಬಂಧದ ಮಾತು ಮತ್ತೆ ಬರಲಿಲ್ಲ. ಯಾವ ಸಂಬಂಧದ ಮಾತೂ ಬರಲಿಲ್ಲ.

ರಕ್ತ ಹೊತ್ತಿಗೆ ಸರಿಯಾಗಿ ಬರತೊಡಗಿದ ಮೇಲೆ ಹುಡುಗಿ ಚೆನ್ನಾಗಿ ಬೆಳೆಯುತ್ತಾಳೆ ಎಂದುಕೊಂಡಿದ್ದೆವು. ಒಂದೆರಡು ವರ್ಷ ಹಾಗೆಯೇ ಕಂಡಿತು. ಆಮೇಲೆ ಬೆಳವಣಿಗೆ ನಿಂತಂತಾಯಿತು. ಓರಗೆಯ ಹುಡುಗಿಯರು ಎತ್ತರವಾದರು, ಆಕೆ ಇದ್ದಲ್ಲೇ ಇದ್ದಳು. ಮೈಬಣ್ಣ ಬೂದಿ ಬೆರೆಸಿದಂತೆ ಕಪ್ಪಾಯಿತು. ಶಾಲೆಯ ಮೆಟ್ಟಿಲು ಹತ್ತುವಾಗ ಏದುಸಿರು. ರಕ್ತ ಕಡಿಮೆಯಾಗಿದೆ ಎಂದು ವಾರ ಮೊದಲೇ ಏರಿಸಿದರು. ಏದುಸಿರು ಹೆಚ್ಚಾಯಿತು.

ಕೊನೆಗೆ ಹೈದರಾಬಾದಿಗೆ ಕರೆದುಕೊಂಡು ಹೋದೆವು, ನಾನೂ ಹೋಗಿದ್ದೆ. ಅಲ್ಲಿನ ವೈದ್ಯೆ ಪರೀಕ್ಷೆಗಳನ್ನು ಮುಂದಿಟ್ಟುಕೊಂಡು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಏರಿಸಿದ ಪ್ರತಿ ಬಾಟಲಿ ರಕ್ತದಲ್ಲಿ ಕಬ್ಬಿಣವಿರುತ್ತದೆ. ಮೈಗೆ ಅದನ್ನು ಹೊರಹಾಕಲು ದಾರಿಯಿಲ್ಲ. ಅದು ಯಕೃತ್ತಿನಲ್ಲಿ, ಹೃದಯದಲ್ಲಿ ಕೂಡುತ್ತ ಹೋಗುತ್ತದೆ. ರಕ್ತ ಕೊಡುವುದು ಅರ್ಧ ಕೆಲಸ, ಕಬ್ಬಿಣ ತೆಗೆಯುವುದು ಇನ್ನರ್ಧ. ಅದಕ್ಕೆ ಔಷಧವಿದೆ, ಚಿಕ್ಕಂದಿನಿಂದಲೇ ಕೊಡಬೇಕಿತ್ತು. ಇಷ್ಟು ತಪ್ಪದೆ ರಕ್ತ ಕೊಡಿಸಿದ್ದೀರಿ, ಇದನ್ನು ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ಅವರು ಗದರಿಸಲಿಲ್ಲ.

ರೈಲಿನಲ್ಲಿ ಹಿಂತಿರುಗುವಾಗ ಹುಡುಗಿ ಕಿಟಕಿಗೆ ತಲೆಯಾನಿಸಿ ಮಲಗಿದ್ದಳು. ಅಕ್ಕ ಅವಳ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

“ಅಂದ್ರ, ನಾವ ಕೊಡಿಸಿದ್ ರಕ್ತನ ಆಕಿ ಮೈಯಾಗ ಕುಂತದೇನು?”

ಮಾಮಾ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ವಾಡಿ ಜಂಕ್ಷನ್ ಬರುವವರೆಗೆ ಅಲ್ಲಿಯೇ ನಿಂತಿದ್ದರು.

ಆ ಔಷಧವನ್ನು ಸಣ್ಣ ಪಂಪಿಗೆ ತುಂಬಿ, ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿ, ಗಂಟೆಗಟ್ಟಲೆ ಹನಿಹನಿಯಾಗಿ ಬಿಡಬೇಕು. ಅಕ್ಕ ಕಲಿತಳು. ಕಮಲಾಪುರದಲ್ಲಿ ಸೂಜಿ ಎಂದರೆ ಎದ್ದು ಹೋಗುತ್ತಿದ್ದ ಅಕ್ಕ, ಮಗಳಿಗೆ ತಾನೇ ಚುಚ್ಚುತ್ತಿದ್ದಳು. ನಾನು ಅಪ್ಲಿಕೇಶನ್ನಿಗೆ ಕಬ್ಬಿಣ ಎಂಬ ಹೊಸ ಕೋಷ್ಟಕ ಸೇರಿಸಿ, ಪ್ರತಿ ಮಗುವಿಗೆ ಕಬ್ಬಿಣ ಅಳೆಯುವ ಫೆರಿಟಿನ್ ಪರೀಕ್ಷೆ ಯಾವಾಗ ಆಯಿತು, ಎಷ್ಟು ಬಂತು ಎಂದು ಬರೆಯುವಂತೆ ಮಾಡಿದೆ. ಟೆಕ್ನಿಷಿಯನ್ನನಿಗೆ ಹೇಳಿ ಉಳಿದ ಮನೆಯವರಿಗೆಲ್ಲ ಫೋನು ಮಾಡಿಸಿದೆ. ಬಳೆ ಅಂಗಡಿಯವರು ಕೂಸನ್ನು ತಕ್ಷಣ ಕರೆತಂದರು. ಆಳಂದದ ಕಡೆಯವರು ಬರಲಿಲ್ಲ. ಅವರ ಹಿರಿಯ ಹುಡುಗಿ ಆಗಲೇ ತೀರಿಕೊಂಡಿದ್ದಳು, ಅದು ನಮಗೆ ತಿಳಿದದ್ದು ಮಾರನೆಯ ವರ್ಷ.

ನಮ್ಮ ಹುಡುಗಿಗೆ ತಡವಾಗಿತ್ತು. ಮರುವರ್ಷದ ಬೇಸಿಗೆಯಲ್ಲಿ ಕಾಲು ಬಾತವು, ಉಸಿರಾಡುವುದು ಕಷ್ಟವಾಯಿತು. ಕಲಬುರಗಿಯಲ್ಲಿ ದವಾಖಾನೆಗೆ ಸೇರಿಸಿದೆವು. ರಕ್ತ ತಯಾರಿರಲಿ ಎಂದು ವೈದ್ಯರು ಹೇಳಿದ್ದರಿಂದ ಟೆಕ್ನಿಷಿಯನ್ ನಮ್ಮ ಪುಟ ನೋಡಿ ಒಬ್ಬರಿಗೆ ಫೋನು ಮಾಡಿದ. ಆಟೋ ಓಡಿಸುವ ನಡುವಯಸ್ಸಿನ ಮನುಷ್ಯ. ಸವಾರಿ ಬಿಟ್ಟು ಬಂದು ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಆ ರಕ್ತ ಒಳಗೆ ಬರುವ ಮೊದಲೇ, ನಡು ಮಧ್ಯಾಹ್ನ, ಹುಡುಗಿ ಹೋದಳು. ಅಕ್ಕನ ಕೈಯನ್ನು ಹಿಡಿದಿದ್ದಳು. ಫ್ಯಾನು ಜೋರು ಮಾಡು ಎಂದಿದ್ದಳು, ಅಷ್ಟೇ.

ಮಾಮಾ ಎದ್ದು ಫ್ಯಾನು ಆರಿಸಿದರು. ಅಕ್ಕ ಅಳಲಿಲ್ಲ. ಮಗಳ ಕೂದಲು ಸರಿಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಹೊರಗೆ ಬಂದಳು. ಅವಳ ಕೈಯಲ್ಲಿ ಬೆಳಗ್ಗೆ ಗಾಜಿಪುರದಿಂದ ತಂದ ಊಟದ ಡಬ್ಬಿಯಿತ್ತು, ಮಗಳಿಗೆಂದು ಮೆತ್ತಗೆ ಮಾಡಿದ ಅನ್ನ ತೊವ್ವೆ. ಬೆಂಚಿನ ಮೇಲಿದ್ದವನಿಗೆ ಒಳಗಿನ ಸುದ್ದಿ ತಿಳಿದಿತ್ತು. ಅವನು ಎದ್ದು ನಿಂತ.

“ಕೂಡ್ರಿ ಅಣ್ಣಾ,” ಎಂದಳು ಅಕ್ಕ. “ರಕ್ತ ಕೊಟ್ಟು ಹಂಗ ಹೋಗಬಾರ್ದು. ಉಂಡ್ ಹೋಗ್ರಿ.”

“ಬೇಡಾ ತಾಯಿ. ಈಗ್ ಹ್ಯಾಂಗ್ ಉಣ್ಲಿ?”

“ಈಗ ಉಣ್ರಿ. ತಲಿ ತಿರಗ್ತದ.”

ಅವನು ಕುಳಿತು ಉಂಡ. ಅಕ್ಕ ಎದುರಿಗೇ ನಿಂತಿದ್ದಳು, ಹಾಗಾಗಿ ಒಂದಗುಳೂ ಬಿಡಲಿಲ್ಲ. ಅವನ ಕಣ್ಣಿನಿಂದ ನೀರು ತೊವ್ವೆಯಲ್ಲಿ ಬೀಳುತ್ತಿತ್ತು. ಡಬ್ಬಿಯನ್ನು ತಾನೇ ನಳದಲ್ಲಿ ತೊಳೆದು ತಂದುಕೊಟ್ಟ. ಆಮೇಲೆ ಶವವನ್ನು ಕಮಲಾಪುರಕ್ಕೆ ಒಯ್ಯುವವರೆಗೂ ನಮ್ಮನ್ನು ಬಿಟ್ಟು ಹೋಗಲಿಲ್ಲ. ಅವನ ರಕ್ತವನ್ನು ಮರುದಿನ ಬೇರೆ ಯಾರಿಗೋ ಕೊಟ್ಟರಂತೆ.

ಎರಡು ಮೂರು ವಾರಗಳ ನಂತರ ಟೆಕ್ನಿಷಿಯನ್ ಫೋನು ಮಾಡಿದ. ಬಹಳ ಹಿಂಜರಿದು, ಮೇಡಂ, ಆ ಹೆಸರು ಪುಟದ ಮೇಲೆ ಬರುತ್ತಿದೆ ಎಂದ. ಕೊನೆಯ ಸಲದ ದಿನಾಂಕಕ್ಕೆ ಮೂರು ವಾರ ಕೂಡಿಸಿ ಮುಂದಿನ ಸಲವನ್ನು ಅಪ್ಲಿಕೇಶನ್ ತಾನೇ ಲೆಕ್ಕ ಹಾಕುತ್ತಿತ್ತು. ಸತ್ತವರನ್ನು ಏನು ಮಾಡಬೇಕೆಂದು ನಾವು ಅದಕ್ಕೆ ಹೇಳಿರಲಿಲ್ಲ. ಆಳಂದದ ಹಿರಿಯ ಹುಡುಗಿಯ ಹೆಸರೂ ಇಷ್ಟು ದಿನ ಹೀಗೇ ಬರುತ್ತಿತ್ತು, ಮನೆಯವರು ಬರುತ್ತಿಲ್ಲ ಎಂದಷ್ಟೇ ನಾವು ತಿಳಿದಿದ್ದೆವು.

ಲ್ಯಾಬಿಗೆ ಹೋಗಿ ಆ ಸಾಲನ್ನು ತೆರೆದು, ಅಳಿಸು ಎಂಬುದನ್ನು ಒತ್ತಿದೆ. ಅದು ಅಳಿಸಲಿಲ್ಲ, ಮೊದಲು ಒಂದು ಪುಟ ತೋರಿಸಿತು. ಈ ರೋಗಿಯನ್ನು ಅಳಿಸಿದರೆ ಅದಕ್ಕೆ ಸಂಬಂಧಿಸಿದ ಇವೂ ಅಳಿಯುತ್ತವೆ, ಖಚಿತವೇ? ಕೆಳಗೆ ಆಕೆಗೆ ರಕ್ತ ಬಂದ ಪ್ರತಿಯೊಂದು ಸಲವೂ, ಕೊಟ್ಟವರ ಹೆಸರಿನ ಸಮೇತ. ಪುಟ ಸರಿಸುತ್ತ ಹೋದರೂ ಮುಗಿಯಲಿಲ್ಲ. ದರ್ಜಿ, ವಕೀಲ, ಕುಸನೂರಿನ ಹುಡುಗರು, ನನ್ನದೇ ವಿದ್ಯಾರ್ಥಿನಿಯರು. ಓ.ಆರ್.ಎಂ.ನ ನಿಯಮವದು, ನಾನೇ ತರಗತಿಯಲ್ಲಿ ಹೇಳಿಕೊಟ್ಟದ್ದು. ಆಪಾ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಅಳಸಬ್ಯಾಡ್ರಿ,” ಎಂದರು. “ಇಷ್ಟ್ ಮಂದಿ ಬಂದು ಕೊಟ್ಟಾರ. ಯಾರೂ ಕೊಟ್ಟೇ ಇಲ್ಲ ಅಂತ ಮಾಡಿದ್ರ ಝೂಟಾ ಆಗ್ತದ.”

ನನ್ನನ್ನು ಎಬ್ಬಿಸಿ ಅವರೇ ಕುಳಿತರು. ನಾವು ಬಳಸುತ್ತಿದ್ದ ಆ ಸಲಕರಣೆ, ಇದ್ದ ಕೋಷ್ಟಕಕ್ಕೆ ಹೊಸ ಖಾನೆಯನ್ನು ಆಗ ತಾನಾಗಿ ಸೇರಿಸುತ್ತಿರಲಿಲ್ಲ. ಆಪಾ ನೇರ ಡೇಟಾಬೇಸಿಗೆ ಹೋಗಿ, ತಮ್ಮ ಹಳೆಯ ಭಾಷೆಯಲ್ಲಿ ಒಂದು ಆಜ್ಞೆ ಬರೆದು, ರೋಗಿಗೆ ಹೌದು ಅಥವಾ ಇಲ್ಲ ಎಂಬ ಇನ್ನೊಂದು ಖಾನೆ ಸೇರಿಸಿದರು. ಇಲ್ಲ ಎಂದಿದ್ದರೆ ವಾರದ ಪುಟದಲ್ಲಿ ಹೆಸರು ಬಾರದು. ಖಾನೆಗೆ ಏನು ಹೆಸರಿಡಲಿ ಎಂದು ಕೇಳಿದರು. ನೀವೇ ಇಡಿರಿ ಎಂದೆ. ಅವರೇ ಏನೋ ಇಟ್ಟರು. ಎರಡು ಹೆಸರಿಗೆ ಇಲ್ಲ ಎಂದು ಗುರುತು ಹಾಕಿದರು.

ಆಮೇಲಿನ ವರ್ಷ ಅಕ್ಕ ಒಂದು ಹಟ ಹಿಡಿದಳು. ಕಮಲಾಪುರದಲ್ಲಿ ಮದುವೆಗೆ ಮುಂಚಿನ ರಕ್ತ ಪರೀಕ್ಷೆಯ ಶಿಬಿರ ಮಾಡಬೇಕು. ಮಾಮಾ ಶಾಲೆಯ ಪಡಸಾಲೆ ಕೊಡಿಸಿದರು, ಆದರೆ ಆ ದಿನ ತಾವು ಬರಲಿಲ್ಲ. ಟೆಕ್ನಿಷಿಯನ್, ಆಪಾ, ನಾವಿಬ್ಬರು ಅಕ್ಕತಂಗಿಯರು ಮೇಜು ಹಾಕಿಕೊಂಡು ಕುಳಿತೆವು. ಬೀದಿಯಲ್ಲಿ ಹೋಗುವವರು ನೋಡಿ ಹೋದರು. ನಮ್ಮ ಹುಡುಗಿಗೆ ಏನಾದರೂ ಇದೆ ಎಂದು ಬರೆದುಕೊಂಡರೆ ಯಾರು ಮಾಡಿಕೊಳ್ಳುತ್ತಾರೆ ಎಂದು ಒಬ್ಬಾಕೆ ಅಕ್ಕನ ಮುಖಕ್ಕೇ ಕೇಳಿದಳು. ಬಂದದ್ದು ಕೆಲವೇ ಜನ. ಅವರಲ್ಲಿ ಮದುವೆ ನಿಶ್ಚಯವಾದ ಒಬ್ಬ ಹುಡುಗಿ, ತಾಯಿಯ ಜೊತೆ ಬಂದಿದ್ದಳು. ವರ ಸೋದರಮಾವನ ಮಗ.

ಹುಡುಗಿಯಲ್ಲಿ ದೋಷವಿತ್ತು. ಅಕ್ಕ ಅವರ ಮನೆಗೆ ಹೋಗಿ, ವರನಿಗೂ ಪರೀಕ್ಷೆ ಮಾಡಿಸಿರಿ, ಅವನಲ್ಲಿ ಇಲ್ಲದಿದ್ದರೆ ಭಯವಿಲ್ಲ ಎಂದು ಹೇಳಿ ಬಂದಳು. ಹೂಂ ಎಂದರು. ಮಾಡಿಸಲಿಲ್ಲ. ಲಗ್ನಪತ್ರಿಕೆ ಬಂತು. ಅಕ್ಕ ಮದುವೆಗೆ ಹೋಗಿ ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕುಳಿತು ಉಂಡು ಬಂದಳು. ನನಗೆ ಸಿಟ್ಟು ಬಂದಿತ್ತು. ಅಷ್ಟು ಹೇಳಿದರೂ ಕೇಳದವರ ಮನೆಗೆ ಯಾಕೆ ಹೋದೆ ಎಂದು ಕೇಳಿದೆ. ಅಕ್ಕ ಸೀರೆ ಮಡಚುತ್ತಿದ್ದಳು.

“ನಾಳೆ ಅವರಿಗೆ ನಮ್ಮ ಕಡಿ ಬರೂ ಹೊತ್ತು ಬಂದ್ರ, ಬರ್ಲಿಕ್ಕೆ ನಾಚಿಕಿ ಆಗಬಾರ್ದು,” ಎಂದಳು.

ಮಡಚಿದ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು, ಮಾಮಾನಿಗೆ ಊಟಕ್ಕೆ ಹಾಕಲು ಒಳಗೆ ಹೋದಳು.